ಕಿಟಕಿ ಸಿಲ್ ಡೀಟೇಲ್: ಮಾಡೆಲ್‌ಗೆ ಎಷ್ಟು, ಗೆರೆಗೆ ಎಷ್ಟು

ಕಂಪ್ಯೂಟರಿನಲ್ಲಿ ಕಟ್ಟಿದ ತ್ರೀಡಿ ಮಾಡೆಲ್ ಸರಿಯಾಗಿದ್ದರೆ ಡೀಟೇಲ್ (ಜೋಡಣೆಯನ್ನು ದೊಡ್ಡದಾಗಿ ತೋರಿಸುವ ನಕ್ಷೆ) ತಾನಾಗೇ ಬರುತ್ತದೆ ಅಂತ ಹೊಸಬರು ನಂಬಿಕೊಂಡಿರುತ್ತಾರೆ. ಕಿಟಕಿ ಮೇಲೆ ಒಂದು ಸೆಕ್ಷನ್ (ಸೀಳಿ ನೋಡಿದಂಥ ನೋಟ) ಹೊಡೆದು 1:5 ಸ್ಕೇಲಿನಲ್ಲಿ ನೋಡಿ. ಫ್ರೇಮು ಗೋಡೆಗೆ ಅಂಟಿಕೊಂಡೇ ಕೂತಿರುತ್ತದೆ. ಸಂದಿ ಇಲ್ಲ, ಸಂದಿ ಮುಚ್ಚುವ ಸೀಲಂಟ್ ಇಲ್ಲ, ನೀರು ಎಲ್ಲಿ ಬೀಳಬೇಕು ಅನ್ನೋ ಯೋಚನೆಯೂ ಇಲ್ಲ.

ನಾನು ಮೊದಲು ಕೈ ಹಾಕುವುದು ಗೋಡೆಗೆ. ಬರೀ 200 ಮಿ.ಮೀ. ದಪ್ಪದ ಒಂದೇ ಪದರದ ಗೋಡೆ ಸಾಲದು. ಬ್ಲಾಕ್ 200, ಹೊರಗಿನ ಪ್ಲಾಸ್ಟರ್ 20, ಒಳಗಿನದು 12, ಹೀಗೆ ಪದರ ಪದರವಾಗಿ ಕೊಡಿ. ಯಾಕಿಷ್ಟು ಹಟ ಅಂದರೆ, ಕಿಟಕಿಯ ಕೆಳಗೆ ಕೂರುವ ಸಿಲ್ ಕಲ್ಲು ಬ್ಲಾಕಿನಿಂದ 50 ಮಿ.ಮೀ. ಮುಂದೆ ಚಾಚಿದೆ ಅಂದುಕೊಳ್ಳಿ. ಕಲ್ಲಿನ ಅಡಿಯಲ್ಲಿ, ಅಂಚಿನಿಂದ 25 ಬಿಟ್ಟು, 10 ಅಗಲದ ಡ್ರಿಪ್ ಗ್ರೂವ್ (ನೀರು ತೊಟ್ಟಿಕ್ಕಿ ಬೀಳಲೆಂದು ಕೆತ್ತಿದ ಸಣ್ಣ ತೋಡು) ಇದೆ. ಪ್ಲಾಸ್ಟರ್ ಆದಮೇಲೆ ಉಳಿಯುವ ಚಾಚು 30. ಗ್ರೂವ್ ಇರುವುದು 25ರಿಂದ 35ರವರೆಗೆ. ಅರ್ಧ ಗ್ರೂವ್ ಪ್ಲಾಸ್ಟರಿನೊಳಗೇ ಹೂತುಹೋಯ್ತು! ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುವ ನೀರು ಅಲ್ಲಿ ತೊಟ್ಟಿಕ್ಕುವ ಬದಲು ಸೀದಾ ಗೋಡೆಗೆ ಇಳಿಯುತ್ತದೆ. ಅದಕ್ಕೇ ಸಿಲ್ ಚಾಚನ್ನು ಯಾವಾಗಲೂ ಪ್ಲಾಸ್ಟರ್ ಮುಖದಿಂದಲೇ ಅಳೆಯಿರಿ.

ರೆವಿಟ್ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ಕಿರಿಕಿರಿ: ಕಿಟಕಿಯ ಪಕ್ಕದಲ್ಲಿ ಪ್ಲಾಸ್ಟರ್ ಒಳಕ್ಕೆ ತಿರುಗುವುದೇ ಇಲ್ಲ. ಗೋಡೆಯ ಟೈಪ್‌ನಲ್ಲಿ ‘ವ್ರ್ಯಾಪಿಂಗ್ ಅಟ್ ಇನ್ಸರ್ಟ್ಸ್’ ಬದಲಾಯಿಸಿ. ಆಗಲೂ ಬಗ್ಗದಿದ್ದರೆ ಕಿಟಕಿಯ ಫ್ಯಾಮಿಲಿ (ಅದರ ಮೂಲ ಫೈಲು) ತೆರೆದು, ಅದರಲ್ಲಿ ಆಧಾರವಾಗಿರುವ ರೆಫರೆನ್ಸ್ ಪ್ಲೇನ್‌ಗೆ ‘ವಾಲ್ ಕ್ಲೋಷರ್’ ಟಿಕ್ ಇದೆಯಾ ನೋಡಿ.

ಇನ್ನು, ಎಲ್ಲವನ್ನೂ ತ್ರೀಡಿಯಲ್ಲಿ ಕಟ್ಟುವ ಚಟ ಬೇಡ. ಕಲ್ಲು, ಅದರ ಹೊರ ಇಳಿಜಾರು, ಫ್ರೇಮು ಮಾಡೆಲ್‌ನಲ್ಲಿರಲಿ. ಗ್ರೂವ್, ಬ್ಯಾಕರ್ ರಾಡ್ (ಸೀಲಂಟ್ ಹಿಂದೆ ಸಂದಿಗೆ ತುರುಕುವ ಫೋಮ್ ಹುರಿ), ಸೀಲಂಟ್ ಎಲ್ಲ ಡೀಟೇಲ್ ವ್ಯೂನಲ್ಲಿ ಟೂಡಿ ಗೆರೆಯಾಗಿದ್ದರೆ ಸಾಕು. ಪ್ರತಿ ಕಿಟಕಿಗೂ ಗ್ರೂವ್ ಕೆತ್ತಿದರೆ ಫೈಲು ಸುಮ್ನೆ ಭಾರ ಆಗುತ್ತದೆ, ಅಷ್ಟೇ. ಸೀಲಂಟ್ ಬರೆಯುವಾಗ ಅದರ ಆಳ ಅಗಲದ ಅರ್ಧದಷ್ಟಿರಲಿ. ಹಿಂದೆ ಬ್ಯಾಕರ್ ರಾಡ್ ಮರೆಯಬೇಡಿ. ಅದಿದ್ದರೆ ಸೀಲಂಟ್ ಎರಡೇ ಬದಿಗೆ ಅಂಟಿ, ಹಿಗ್ಗಲು ಜಾಗ ಸಿಗುತ್ತದೆ.

ಟೂಡಿ ಗೆರೆಗೆ ಒಂದು ದೋಷವಿದೆ. ನಾಳೆ ಗೋಡೆ ದಪ್ಪ ಬದಲಾದರೆ ಅದು ಇದ್ದಲ್ಲೇ ಇರುತ್ತದೆ. ಹಾಗಾಗಿ ಗೆರೆಯನ್ನು ಗೋಡೆಯ ಮುಖಕ್ಕೆ ಅಲೈನ್ ಮಾಡಿ ಲಾಕ್ ಹಾಕಿ. ಅಳತೆಗಳನ್ನು ಮಾಡೆಲ್‌ನ ಅಂಚಿಗೇ ಕೊಡಿ. ಬಂದ ಸಂಖ್ಯೆ ಇಷ್ಟವಾಗಲಿಲ್ಲ ಅಂತ ಅದರ ಮೇಲೆ ಬೇರೆ ಅಂಕಿ ಟೈಪ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಶೀಟಿಗೆ ಹಾಕುವ ಮುಂಚೆ ಸಿಲ್‌ನ ತುದಿಯಲ್ಲೂ ಒಂದು ಸೆಕ್ಷನ್ ಹೊಡೆಯಿರಿ. ನಡುವಿನ ಸೆಕ್ಷನ್ ಎಲ್ಲರೂ ಬರೆಯುತ್ತಾರೆ. ನೀರು ನುಗ್ಗುವುದು ಜಾಸ್ತಿ ಕಲ್ಲು ಮತ್ತು ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ.