ರಾತ್ರಿ ಒಂಬತ್ತೂವರೆಯ ಕಾಲ್, ಮಗುವಿನ ನಿದ್ದೆ: ತಂಡ ಮುನ್ನಡೆಸುವ ತಾಯಿ ತಂದೆಯರು ದಿನಚರಿ ಕಟ್ಟಿಕೊಳ್ಳುವುದು ಹೇಗೆ?

ಬೆಂಗಳೂರಿನ ಕಂಪನಿಯೊಂದರಲ್ಲಿ ನಾನು ತಂಡದ ಮ್ಯಾನೇಜರ್ ಆದ ವರ್ಷವೇ ನನ್ನ ಮಗಳು ಒಂದನೇ ತರಗತಿಗೆ ಸೇರಿದಳು. ಅಮೆರಿಕದ ಕಚೇರಿಯ ದಿನ ಆರಂಭವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಹೋಂವರ್ಕು, ಊಟ, ಕಥೆ, ನಿದ್ದೆಗಳ ಸರದಿ ಶುರುವಾಗುತ್ತಿತ್ತು. ಎರಡೂ ಕಡೆ ಅರ್ಧರ್ಧ ಇದ್ದುಕೊಂಡು ಹೇಗೋ ತೂಗಿಸಬಹುದೆಂದು ಒಂದು ವರ್ಷ ಪ್ರಯತ್ನಿಸಿ ಸೋತೆ. ಆಮೇಲೆ ತಿಳಿದದ್ದು ಇಷ್ಟು: ಮೀಟಿಂಗಿನ ಸಮಯ ಗೊತ್ತುಮಾಡುವ ಅಧಿಕಾರ ತಂಡದಲ್ಲಿ ಬೇರೆ ಯಾರಿಗೂ ಇಲ್ಲದಷ್ಟು ಮುಖ್ಯಸ್ಥರಿಗೆ ಇರುತ್ತದೆ, ಆದರೆ ನಮ್ಮಲ್ಲಿ ಬಹಳ ಮಂದಿ ಅದನ್ನು ಕಂಪನಿಯ ಕೆಲಸಕ್ಕೆ ಬಳಸುತ್ತೇವೆಯೇ ಹೊರತು ಮನೆಗಾಗಿ ಬಳಸಲು ನಾಚುತ್ತೇವೆ. ಮುಂದಿನ ಹೆಜ್ಜೆಗಳೆಲ್ಲ ಆ ಅಧಿಕಾರವನ್ನು ಬಹಿರಂಗವಾಗಿ ಬಳಸುವುದಕ್ಕೆ ಸಂಬಂಧಿಸಿದವು.

ಮೊದಲ ಹೆಜ್ಜೆ: ಎರಡು ವಾರ ಬರೆದಿಡಿ

ಒಂದು ನೋಟ್‌ಪುಸ್ತಕದಲ್ಲಿ ಎರಡು ವಾರಗಳ ಕಾಲ ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗಿನ ಪ್ರತಿ ಅರ್ಧ ಗಂಟೆಯನ್ನೂ ಬರೆಯಿರಿ. ಆ ಅರ್ಧ ಗಂಟೆಯಲ್ಲಿ ನಿಮ್ಮನ್ನು ಕೇಳಿದವರು ಯಾರು, ನೀವು ಇರದಿದ್ದರೆ ಏನಾಗುತ್ತಿತ್ತು ಎಂಬ ಎರಡೇ ವಿಷಯ ಸಾಕು. ನನ್ನ ಪುಸ್ತಕದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಮೈಕ್ ಆಫ್ ಮಾಡಿಕೊಂಡು ಸುಮ್ಮನೆ ಕೇಳುತ್ತ ಕುಳಿತ ಕಾಲ್‌ಗಳ ಸಂಖ್ಯೆ. ಅಂಥವುಗಳ ಟಿಪ್ಪಣಿಯನ್ನು ಮರುದಿನ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಓದಬಹುದಾಗಿತ್ತು.

ಎರಡನೇ ಹೆಜ್ಜೆ: ಮಗುವಿನ ಹೊತ್ತು ಯಾವುದೆಂದು ಗುರುತಿಸಿ

ಮಕ್ಕಳಿಗೆ ನಾವು ಎಲ್ಲ ಹೊತ್ತೂ ಬೇಕಾಗುವುದಿಲ್ಲ. ಆದರೆ ಬೇಕಾದ ಹೊತ್ತಿಗೆ ನಾವು ಇದ್ದೇ ಇರುತ್ತೇವೆ ಎಂಬ ಖಾತರಿ ಅವರಿಗೆ ಬೇಕು, ಮತ್ತು ಆ ಹೊತ್ತು ವಯಸ್ಸಿನೊಂದಿಗೆ ಬದಲಾಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅದು ಸಂಜೆಯ ಸ್ನಾನದಿಂದ ತೊಟ್ಟಿಲವರೆಗಿನ ಒಂದೂವರೆ ಗಂಟೆ. ಶಾಲೆಗೆ ಹೋಗುವ ಮಗು ಬ್ಯಾಗು ಎಸೆದು ಶೂ ಬಿಚ್ಚುವ ಹೊತ್ತಿನಲ್ಲಿ ದಿನದ ಸುದ್ದಿಯನ್ನೆಲ್ಲ ಹೇಳಿಬಿಡುತ್ತದೆ, ಅದೇ ಸುದ್ದಿಯನ್ನು ರಾತ್ರಿ ಊಟಕ್ಕೆ ಕುಳಿತು ಕೇಳಿದರೆ ‘ಏನಿಲ್ಲ’ ಎಂಬ ಒಂದೇ ಉತ್ತರ ಸಿಗುತ್ತದೆ. ಆ ಹೊತ್ತಿಗೆ ಮನೆಯಲ್ಲಿರಲಾಗದವರು ಹದಿನೈದು ನಿಮಿಷದ ಫೋನ್ ಕರೆಯನ್ನಾದರೂ ಮೀಟಿಂಗಿನಂತೆಯೇ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಬಹುದು. ಹೈಸ್ಕೂಲಿನ ಮಕ್ಕಳ ಬಾಯಿ ಬಿಡಿಸಲು ಟ್ಯೂಷನ್ನಿಗೆ ಬಿಡಲು ಹೋಗುವ ಕಾರು ಅಥವಾ ಸ್ಕೂಟರಿಗಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ, ಬಹುಶಃ ಅಲ್ಲಿ ಪರಸ್ಪರ ಮುಖ ನೋಡಬೇಕಾಗಿಲ್ಲ ಎಂಬ ಕಾರಣಕ್ಕೆ.

ದಿನಕ್ಕೆ ಒಂದೇ ಒಂದು ಹೊತ್ತನ್ನು ಆರಿಸಿಕೊಳ್ಳಿ. ಮೂರು ಹೊತ್ತುಗಳ ಭರವಸೆ ಕೊಟ್ಟು ಎರಡನ್ನು ಮುರಿಯುವುದಕ್ಕಿಂತ ಒಂದನ್ನು ಕೊಟ್ಟು ಉಳಿಸಿಕೊಳ್ಳುವುದು ಲೇಸು.

ಮೂರನೇ ಹೆಜ್ಜೆ: ಗಡಿಯಾರದ ಲೆಕ್ಕ ಹಾಕಿ

ಹೊರದೇಶದ ಗ್ರಾಹಕರೊಂದಿಗೆ ಕೆಲಸ ಮಾಡುವವರು ಈ ಹೆಜ್ಜೆಗೆ ಹೆಚ್ಚು ಗಮನ ಕೊಡಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನಮ್ಮ ಗಡಿಯಾರ ಅಲುಗುವುದಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಬೆಳಗಿನ 9 ಗಂಟೆಯ ಮೀಟಿಂಗು ಬೇಸಿಗೆಯಲ್ಲಿ ನಮಗೆ ರಾತ್ರಿ 9.30 ಆದರೆ ಚಳಿಗಾಲದಲ್ಲಿ 10.30 ಆಗುತ್ತದೆ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ನಮಗೆ ಸಂಜೆ 6.30 ಅಥವಾ 7.30. ಬ್ರಿಟನ್ನಿನವರು ಗಡಿಯಾರ ತಿದ್ದುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ಈ ದಿನಾಂಕಗಳ ನಡುವಿನ ಒಂದರಿಂದ ಮೂರು ವಾರಗಳಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಸೇರುವ ಕಾಲ್‌ಗಳ ಹೊತ್ತು ಪೂರ್ತಿ ಕಲಸಿಹೋಗುತ್ತದೆ.

ಕಾಲಕಾಲಕ್ಕೆ ಬರುವ ಈ ಬದಲಾವಣೆಯನ್ನು ಗೊಣಗಿಕೊಂಡು ಸಹಿಸುವ ಬದಲು ಮಾತುಕತೆಗೆ ಸಿಕ್ಕ ಅವಕಾಶವೆಂದು ಬಳಸಿಕೊಳ್ಳಿ. ಅಕ್ಟೋಬರ್ ಮಧ್ಯದಲ್ಲಿ, ಎಲ್ಲರ ಮೀಟಿಂಗುಗಳೂ ಹೇಗಿದ್ದರೂ ಅಲುಗಾಡುವ ಮುನ್ನ, ವಾರದ ಎರಡು ಕಾಲ್‌ಗಳಲ್ಲಿ ಒಂದನ್ನು ನಮ್ಮ ಬೆಳಿಗ್ಗೆ 7ಕ್ಕೆ ಇಡುವಂತೆ ಬರವಣಿಗೆಯಲ್ಲಿ ಕೇಳಿ. ಅದು ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ, ಚಳಿಗಾಲದಲ್ಲಿ 5.30 ಮತ್ತು ಬೇಸಿಗೆಯಲ್ಲಿ 6.30. ಅವರ ಮನೆಗಳಲ್ಲೂ ಮಕ್ಕಳಿರುತ್ತಾರಾದ್ದರಿಂದ ಅವರು ಸಲೀಸಾಗಿ ಒಪ್ಪುವುದಿಲ್ಲ. ಆಗ ಒಂದು ತಿಂಗಳು ನಿಮ್ಮ ಸಂಜೆ, ಇನ್ನೊಂದು ತಿಂಗಳು ನಮ್ಮ ಸಂಜೆ ಎಂದು ಸರದಿ ಹಾಕಿಕೊಳ್ಳಿ. ಏಳು ಗಂಟೆಗೆ ಶಾಲೆಯ ಬಸ್ಸು ಬರುವ ಮನೆಯಾದರೆ ಕಾಲ್ ಅನ್ನು ಏಳೂವರೆಗೆ ತಳ್ಳಿ, ಇಲ್ಲದಿದ್ದರೆ ರಾತ್ರಿಯ ಗೋಳು ಬೆಳಗಿಗೆ ಬಂದಂತಾಗುತ್ತದೆ, ಅಷ್ಟೆ.

ಇಲ್ಲಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುವ ಪದ್ಧತಿಯ ಬಗ್ಗೆ ಒಂದು ಮಾತು. ಮಂಗಳಯಾನದ ದಿನಗಳಲ್ಲಿ ಮಕ್ಕಳನ್ನು ಮಲಗಿಸಿ ಮಧ್ಯರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ ಕೆಲಸ ಮಾಡುತ್ತಿದ್ದುದಾಗಿ ಇಸ್ರೊ ವಿಜ್ಞಾನಿ ರಿತು ಕರಿಧಾಲ್ ಹೇಳಿಕೊಂಡಿದ್ದಾರೆ. ಅವರ ಸಹೋದ್ಯೋಗಿ ನಂದಿನಿ ಹರಿನಾಥ್ ಅದೇ ಅವಧಿಯಲ್ಲಿ ಮಗಳ ಪರೀಕ್ಷೆಗೆ ಜೊತೆ ಕೊಡಲು ನಸುಕಿನಲ್ಲಿ ಏಳುತ್ತಿದ್ದರು. ಇಬ್ಬರ ಬಗ್ಗೆಯೂ ನನಗೆ ಅಪಾರ ಗೌರವವಿದೆ. ಆದರೆ ಆ ನೌಕೆ 2013ರ ನವೆಂಬರಿನಲ್ಲಿ ಹಾರಿ 2014ರ ಸೆಪ್ಟೆಂಬರಿನಲ್ಲಿ ಮಂಗಳನ ಕಕ್ಷೆ ಸೇರಿತು, ಅಂದರೆ ಆ ಓಟಕ್ಕೆ ಒಂದು ಕೊನೆಯಿತ್ತು. ಸಾಧಾರಣ ಕಂಪನಿಯ ಮೂರು ತಿಂಗಳಿಗೊಮ್ಮೆ ಮರುಕಳಿಸುವ ಗುರಿಗಳಿಗಾಗಿ ವರ್ಷಗಟ್ಟಲೆ ನಿದ್ದೆ ಕೆಡಿಸಿಕೊಳ್ಳುವವರು ಅವರ ಉದಾಹರಣೆ ಕೊಡುವುದು ಸರಿಯಲ್ಲವೆಂದು ನನ್ನ ಅನಿಸಿಕೆ.

ನಾಲ್ಕನೇ ಹೆಜ್ಜೆ: ಕಾರಣ ಹೇಳಿ ಹೊರಡಿ

ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಹೋಗುವ ದಿನ ‘ಡಾಕ್ಟರ ಹತ್ತಿರ ಹೋಗಬೇಕು’ ಎಂದು ನಾನೂ ಸುಳ್ಳು ಹೇಳಿದ್ದೇನೆ. ಮುಖ್ಯಸ್ಥರು ಹೀಗೆ ಮರೆಮಾಚಿದರೆ ಕೆಳಗಿನವರು, ಮುಖ್ಯವಾಗಿ ಹೊಸದಾಗಿ ತಂದೆಯಾದ ಹುಡುಗರು, ಅದನ್ನೇ ಕಲಿಯುತ್ತಾರೆ. ಕ್ಯಾಲೆಂಡರಿನಲ್ಲಿ ‘ಮಗಳ ಶಾಲೆ, 4ರಿಂದ 5.30’ ಎಂದು ಎಲ್ಲರಿಗೂ ಕಾಣುವಂತೆ ಬರೆಯಿರಿ. ನಾನು ಹಾಗೆ ಬರೆಯತೊಡಗಿದ ಮೂರನೇ ತಿಂಗಳಲ್ಲಿ, ಎರಡು ವರ್ಷದಿಂದ ಒಂದು ದಿನವೂ ಕಚೇರಿಯಿಂದ ಬೇಗ ಹೊರಡದಿದ್ದ ಹುಡುಗನೊಬ್ಬ ‘ಮೇಡಂ, ಇವತ್ತು ಡೇ ಕೇರಿನಿಂದ ಮಗನನ್ನು ನಾನೇ ಕರೆತರಬೇಕು’ ಎಂದು ಹೇಳಿ ಹೊರಟ. ಅವನ ಹೆಂಡತಿಯೂ ಎಲ್ಲೋ ಇನ್ನೊಂದು ತಂಡವನ್ನು ನಡೆಸುತ್ತಿದ್ದಾಳೆಂಬುದು ಅಂದೇ ನನಗೆ ತಿಳಿದದ್ದು.

ಐದನೇ ಹೆಜ್ಜೆ: ರಜೆ ಮತ್ತು ವಹಿಸಿಕೊಡುವಿಕೆ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದೆಂಬ ಗಾದೆ ಈ ವಿಷಯದಲ್ಲಿ ನಡೆಯದು, ಇಲ್ಲಿ ಕುಲಾವಿಯನ್ನು ಮೊದಲೇ ಹೊಲಿದಿಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಅವಧಿಯಿದೆ. ಹೆರಿಗೆಗೆ ಮೊದಲಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು. ಖಾಸಗಿ ಕ್ಷೇತ್ರದ ತಂದೆಯರಿಗೆ ಇಂಥ ಕಾನೂನಿನ ಆಸರೆಯಿಲ್ಲ, ಕೇಂದ್ರ ಸರ್ಕಾರದ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ. ಕೇಂದ್ರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯೂ ಉಂಟು, ರಾಜ್ಯ ಸರ್ಕಾರದಲ್ಲಿ ಅದು 180 ದಿನ.

ಆದರೆ ಮುಖ್ಯಸ್ಥರ ಕುರ್ಚಿಯಲ್ಲಿರುವವರನ್ನು ಕಾಡುವುದು ರಜೆ ಸಿಗುತ್ತದೆಯೇ ಎಂಬ ಪ್ರಶ್ನೆಗಿಂತ, ಮರಳಿ ಬಂದಾಗ ಕುರ್ಚಿ ಇರುತ್ತದೆಯೇ ಎಂಬ ಅಳುಕು. ನ್ಯೂಜಿಲೆಂಡಿನ ಪ್ರಧಾನಿಯಾಗಿದ್ದ ಜಸಿಂಡಾ ಆರ್ಡರ್ನ್ 2018ರ ಜೂನ್ 21ರಂದು ಮಗಳನ್ನು ಹೆತ್ತು ಆರು ವಾರ ರಜೆಯಲ್ಲಿದ್ದರು. ಆ ಅವಧಿಗೆ ಉಪಪ್ರಧಾನಿ ವಿನ್ಸ್ಟನ್ ಪೀಟರ್ಸ್ ಹಂಗಾಮಿ ಪ್ರಧಾನಿಯಾಗುತ್ತಾರೆಂದು ಅದೇ ಜನವರಿಯಲ್ಲೇ ಪ್ರಕಟಿಸಲಾಗಿತ್ತು. ಆರು ವಾರದ ರಜೆ ನಮಗೆ ಮಾದರಿಯಾಗಬೇಕಿಲ್ಲ, ಮೊದಲೇ ಹೆಸರು ಹೇಳಿ ಅಧಿಕಾರ ಒಪ್ಪಿಸಿದ ರೀತಿ ಆಗಬೇಕು. ರಜೆಗೆ ಮೂರು ತಿಂಗಳ ಮುಂಚೆ ತಂಡದ ಒಬ್ಬರನ್ನು ಗುರುತಿಸಿ, ಅವರು ಯಾವ ತೀರ್ಮಾನಗಳನ್ನು ನಿಮ್ಮನ್ನು ಕೇಳದೆ ಕೈಗೊಳ್ಳಬಹುದು, ಯಾವುದಕ್ಕೆ ಮಾತ್ರ ನಿಮಗೆ ಫೋನ್ ಮಾಡಬೇಕು, ನೀವು ಯಾವ ದಿನಾಂಕಕ್ಕೆ ಯಾವ ಹುದ್ದೆಗೆ ಮರಳುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಮೇಲಿನವರಿಗೂ ಮಾನವ ಸಂಪನ್ಮೂಲ ವಿಭಾಗಕ್ಕೂ ಕಳುಹಿಸಿ. ಬಾಯಿಮಾತಿನ ಭರವಸೆಯನ್ನು ಆರು ತಿಂಗಳ ನಂತರ ಯಾರೂ ನೆನಪಿಟ್ಟಿರುವುದಿಲ್ಲ.

ಆರನೇ ಹೆಜ್ಜೆ: ಮನೆಗೂ ಒಬ್ಬ ಉಪನಾಯಕ

ಮನೆಯ ಜವಾಬ್ದಾರಿಯಲ್ಲಿ ‘ಸಹಾಯ’ ಎಂಬ ಪದವನ್ನು ಬಿಡಿ, ಒಂದೊಂದು ಕೆಲಸವನ್ನು ಪೂರ್ತಿಯಾಗಿ ಒಬ್ಬೊಬ್ಬರಿಗೆ ಕೊಡಿ. ಲಸಿಕೆ ಮತ್ತು ಡಾಕ್ಟರು ಒಬ್ಬರ ಪಾಲಿಗಾದರೆ, ಶಾಲೆಯ ಡೈರಿ ಮತ್ತು ತರಗತಿಯ ವಾಟ್ಸ್‌ಆಪ್ ಗುಂಪು ಇನ್ನೊಬ್ಬರ ಪಾಲಿಗೆ ಬರಲಿ. ತಾಯಿಯರ ಫೋನಿನಲ್ಲಿ ಮಾತ್ರ ಆ ಗುಂಪು ಇರಬೇಕೆಂದು ಎಲ್ಲಿಯೂ ಬರೆದಿಲ್ಲ. ಊರಿನಿಂದ ಬಂದು ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ವಾರದಲ್ಲಿ ಒಂದು ದಿನದ ಬಿಡುವು ಮತ್ತು ವರ್ಷಕ್ಕೆರಡು ಬಾರಿ ಊರಿಗೆ ಹೋಗಿಬರುವ ಟಿಕೆಟು ಮೊದಲೇ ನಿಗದಿಯಾಗಿರಬೇಕು.

ಮಾರ್ಚ್ ತಿಂಗಳಿಗೆ ಬೇರೆಯೇ ಪುಟ ಬೇಕು. ಕಂಪನಿಯ ಹಣಕಾಸು ವರ್ಷ 31ಕ್ಕೆ ಮುಗಿಯುತ್ತದೆ, ಅಪ್ರೈಸಲ್‌ಗಳು ಬಾಗಿಲಲ್ಲಿರುತ್ತವೆ, ಮಕ್ಕಳಿಗೆ ವಾರ್ಷಿಕ ಪರೀಕ್ಷೆ, ಅದು ಮುಗಿದದ್ದೇ ಏಪ್ರಿಲ್ ಮೇ ತಿಂಗಳ ದೊಡ್ಡ ರಜೆ. ಜನವರಿಯಲ್ಲೇ ಪರೀಕ್ಷೆಯ ಸಂಭಾವ್ಯ ವಾರಗಳನ್ನು ಗುರುತು ಹಾಕಿಕೊಂಡು ಕಚೇರಿ ಕೆಲಸದ ಪ್ರವಾಸಗಳನ್ನು ಫೆಬ್ರುವರಿಗೆ ಮುಗಿಸಿಬಿಡಿ.

ಕೊನೆಯ ಹೆಜ್ಜೆ: ಜ್ವರದ ಬೆಳಗು

ಎಷ್ಟೇ ಯೋಜಿಸಿದರೂ ಬೆಳಿಗ್ಗೆ ಆರಕ್ಕೆ ಮಗುವಿನ ಮೈ ಸುಡುತ್ತಿರುವ ದಿನ ಬಂದೇ ಬರುತ್ತದೆ. ಆ ಹೊತ್ತಿನಲ್ಲಿ ಯಾರ ಮೀಟಿಂಗು ದೊಡ್ಡದೆಂದು ವಾದಕ್ಕಿಳಿದರೆ ಇಬ್ಬರ ಮೀಟಿಂಗೂ ಕೆಡುತ್ತದೆ. ನಮ್ಮ ಮನೆಯ ನಿಯಮ ಸರಳ: ಸಮಸಂಖ್ಯೆಯ ದಿನಾಂಕ ನನ್ನದು, ಬೆಸ ಸಂಖ್ಯೆಯದು ಪತಿಯದು. ಆ ದಿನ ಯಾರ ಸರದಿಯೋ ಅವರು ಉಳಿಯುತ್ತಾರೆ, ಅವರ ಬದಲು ಕಾಲ್ ನಡೆಸುವವರ ಹೆಸರು ಹಿಂದಿನ ರಾತ್ರಿಯೇ ಗೊತ್ತಿರುತ್ತದೆ. 31ರ ಮರುದಿನ 1 ಬರುವುದರಿಂದ ಸತತ ಎರಡು ದಿನ ತಮ್ಮ ತಲೆಗೇ ಬೀಳುತ್ತದೆಂಬುದನ್ನು ನನ್ನ ಪತಿ ಮೊದಲ ತಿಂಗಳಲ್ಲೇ ಪತ್ತೆಹಚ್ಚಿದರು. ಈಗ 31ನೇ ತಾರೀಖನ್ನು ಮಧ್ಯಾಹ್ನ ಒಂದು ಗಂಟೆಗೆ ಎರಡು ಭಾಗ ಮಾಡಿಕೊಂಡಿದ್ದೇವೆ.