ಮಸ್ಟರ್ಡ್ ತಿನ್ನುವ ಹುಳಗಳಿಗೆ ಊಟ ಹಾಕಿದ್ದು

ಮಸ್ಟರ್ಡ್ ಅಂದಾಗ ನಮ್ಮಮ್ಮ ನಾನು ಯಾವುದೋ ಸಾಸಿವೆ ಕಂಪನಿಯಲ್ಲಿದ್ದೇನೆ ಅಂದುಕೊಂಡಿದ್ದರು. ನಾನೂ ತಿದ್ದಲಿಲ್ಲ. ಸುಮ್ನೆ ಯಾಕೆ ಹೆದರಿಸೋದು ಅಲ್ವಾ.

ನಾನು ಕೆಲಸ ಮಾಡಿದ್ದು ಅಮೆರಿಕದ ಕೊಲೊರಾಡೊದಲ್ಲಿರುವ ಪ್ಯುಬ್ಲೊ ಕೆಮಿಕಲ್ ಡಿಪೋದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ ಕಟ್ಟಿದ್ದು. ಸುತ್ತ ಒಣ ಹುಲ್ಲಿನ ಬಯಲು, ಮಧ್ಯೆ ಮಣ್ಣು ಮುಚ್ಚಿದ ಕಾಂಕ್ರೀಟ್ ಗೋದಾಮುಗಳ ಸಾಲು. ಅವಕ್ಕೆ ಇಗ್ಲೂ ಅಂತಾರೆ. ಅದರೊಳಗೆ ಮಸ್ಟರ್ಡ್ ಗ್ಯಾಸ್ ಅನ್ನುವ ಯುದ್ಧದ ವಿಷ ತುಂಬಿದ 7,80,000ಕ್ಕೂ ಜಾಸ್ತಿ ಶೆಲ್‌ಗಳು, ಅಂದರೆ ಫಿರಂಗಿ ಗುಂಡುಗಳು, ಕೂತಿದ್ದವು. ದೊಡ್ಡ 155 ಎಂಎಂ ಶೆಲ್ ಒಂದರಲ್ಲೇ ಐದು ಕೆಜಿ ಚಿಲ್ಲರೆ. ಗ್ಯಾಸ್ ಅಂತ ಹೆಸರಿದ್ದರೂ ಅದು ಗ್ಯಾಸ್ ಅಲ್ಲ, ಎಣ್ಣೆಯಂಥ ದ್ರವ. 14 ಡಿಗ್ರಿ ಹತ್ತಿರ ಬಂದರೆ ಚಳಿಗಾಲದ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗುತ್ತದೆ. ಮೈಗೆ ತಗುಲಿದ ಕ್ಷಣ ಏನೂ ಗೊತ್ತಾಗುವುದಿಲ್ಲ, ಗಂಟೆಗಟ್ಟಲೆ ಆದ ಮೇಲೆ ಬೊಬ್ಬೆ ಏಳುತ್ತದೆ.

ಇವನ್ನೆಲ್ಲ ನಾಶ ಮಾಡುವುದೇ ಅಲ್ಲಿನ ಕೆಲಸ. ಸುಟ್ಟು ಹಾಕಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಆರೆಗಾನ್‌ನ ಉಮಟಿಲ ಡಿಪೋದಲ್ಲಿ ಸುಟ್ಟೇ ಮುಗಿಸಿದರು, 2011ರಲ್ಲಿ. ಪ್ಯುಬ್ಲೊದ ಜನ ಮಾತ್ರ ನಮ್ಮೂರಿಗೆ ಆ ಹೊಗೆ ಬೇಡ ಅಂತ ಹಟ ಹಿಡಿದರು. ಹಾಗಾಗಿ ಇಲ್ಲಿ ದಾರಿಯೇ ಬೇರೆ. ದಪ್ಪ ಗೋಡೆಗಳ ಹಿಂದೆ ರೋಬೋಟ್‌ಗಳು ಶೆಲ್‌ನ ಸ್ಫೋಟಕ ಬಿಚ್ಚುತ್ತಿದ್ದವು, ಜೋರು ನೀರು ಬಿಟ್ಟು ಒಳಗಿನ ಮಸ್ಟರ್ಡ್ ತೊಳೆದು ತೆಗೆಯುತ್ತಿದ್ದರು, ಅದನ್ನು ಬಿಸಿನೀರಲ್ಲಿ ಕಲಕಿ ಕಲಕಿ ಒಡೆಯುತ್ತಿದ್ದರು, ಆಮೇಲೆ ಕಾಸ್ಟಿಕ್ ಸೋಡಾ ಹಾಕಿ ಆಮ್ಲ ಇಳಿಸುತ್ತಿದ್ದರು. ಖಾಲಿ ಶೆಲ್‌ಗಳನ್ನು 538 ಡಿಗ್ರಿಯಲ್ಲಿ ಕಾಯಿಸಿ ಗುಜರಿಗೆ ಕಳಿಸುತ್ತಿದ್ದರು.

ಉಳಿಯುವ ನೀರಿನಲ್ಲಿ ಮಸ್ಟರ್ಡ್ ಇರುವುದಿಲ್ಲ, ಅದು ಒಡೆದು ಆದ ಥಯೋಡೈಗ್ಲೈಕಾಲ್ ಅನ್ನುವ ರಾಸಾಯನಿಕ ಇರುತ್ತದೆ. ನನ್ನ ಕೆಲಸ ಶುರುವಾಗುತ್ತಿದ್ದುದು ಅಲ್ಲಿಂದ. ಚರಂಡಿ ನೀರು ಶುದ್ಧ ಮಾಡುವ ಘಟಕಗಳಲ್ಲಿರುವಂಥದ್ದೇ ಬ್ಯಾಕ್ಟೀರಿಯಾ ದೊಡ್ಡ ದೊಡ್ಡ ಟ್ಯಾಂಕ್‌ಗಳಲ್ಲಿ ಕೂತು ಅದನ್ನು ತಿನ್ನುತ್ತಿದ್ದವು. ನಾವು ಅವನ್ನು ಹುಳ ಅಂತಲೇ ಕರೆಯುತ್ತಿದ್ದೆವು. ಹೆಪ್ಪು ಹಾಕಿ ಮೊಸರು ಮಾಡಿದವರಿಗೆ, ದೋಸೆ ಹಿಟ್ಟು ಹುದುಗು ಬರಲಿ ಅಂತ ಕಾದವರಿಗೆ ಈ ಕೆಲಸ ಅರ್ಧ ಅರ್ಥವಾದ ಹಾಗೇ. ಒಂದೇ ಸಲ ಜಾಸ್ತಿ ಊಟ ಹಾಕಿದರೆ ಹುಳಗಳಿಗೆ ಅಜೀರ್ಣ, ಹಾಕದೇ ಇದ್ದರೆ ಉಪವಾಸ. ಹಬ್ಬ, ರಜೆ, ಹಿಮಪಾತ ಅಂತ ಆ ಕಡೆ ಶೆಲ್ ತೊಳೆಯುವುದು ನಿಂತರೂ ಈ ಕಡೆ ಹೊಟ್ಟೆಗಳು ನಿಲ್ಲುವುದಿಲ್ಲ. ಬರೀ ಥಯೋಡೈಗ್ಲೈಕಾಲ್ ತಿಂದು ಅವು ಬದುಕುವುದೂ ಇಲ್ಲ. ಸಾರಜನಕ, ರಂಜಕ ಬೇರೆ ಕೊಡಬೇಕು, ಹೊಲಕ್ಕೆ ಗೊಬ್ಬರ ಕೊಟ್ಟ ಹಾಗೆ. ಗಾಳಿ ಊದುತ್ತಲೇ ಇರಬೇಕು. ತಿನ್ನುತ್ತಾ ತಿನ್ನುತ್ತಾ ಗಂಧಕವನ್ನು ಆಮ್ಲ ಮಾಡಿಬಿಡುತ್ತವೆ, ಆಮ್ಲ ಎಷ್ಟಿದೆ ಅಂತ ತೋರಿಸುವ ಪಿಎಚ್ ಇಳಿಯುತ್ತದೆ, ಮತ್ತೆ ಕಾಸ್ಟಿಕ್ ಹಾಕು. ರಾತ್ರಿ ಪಾಳಿಯಲ್ಲಿ ಆ ಪಿಎಚ್ ಗೆರೆಯನ್ನು ನೋಡಿದಷ್ಟು ನನ್ನ ಹೆಂಡತಿಯ ಮುಖ ನೋಡಿಲ್ಲ, ಇದು ಅವಳದೇ ದೂರು.

ಕೆಲಸದ ಜಾಗದಲ್ಲಿ ಮಾಸ್ಕ್ ಜೊತೆಗಿರಲೇಬೇಕು, ಅದು ಮುಖಕ್ಕೆ ಗಾಳಿಯಾಡದ ಹಾಗೆ ಅಂಟಬೇಕು. ಗಡ್ಡ ಇದ್ದರೆ ಆಗುವುದಿಲ್ಲ. ಚಿಕ್ಕ ಮೀಸೆ ನಡೆಯುತ್ತದೆ, ಆದರೆ ನನ್ನದು ಹುರಿ ಮೀಸೆ. ರಗಳೆಯೇ ಬೇಡ ಅಂತ ಎಲ್ಲ ಬೋಳಿಸಿಕೊಂಡು ವಿಡಿಯೋ ಕಾಲ್‌ಗೆ ಕೂತೆ. ಅಮ್ಮ ಕಿರುಚಿದರು, "ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ, ಮೀಸೆ ತೆಗೆದು ಕೂತಿದ್ದೀಯಲ್ಲೋ!" ಅವತ್ತೇ ಸಾಸಿವೆ ಕಂಪನಿಯ ಗುಟ್ಟು ಒಡೆದದ್ದು. ಅಪ್ಪ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು, ನಕ್ಕರು ಅಷ್ಟೇ.

ಕೊನೆಯ ಶೆಲ್ ಮುಗಿದದ್ದು 2023ರ ಜೂನ್ 22ಕ್ಕೆ. ಎರಡು ವಾರಕ್ಕೆ ಕೆಂಟಕಿಯ ಬ್ಲೂ ಗ್ರಾಸ್ ಡಿಪೋದಲ್ಲೂ ಮುಗಿದು, ಅಮೆರಿಕ ತನ್ನಲ್ಲಿ ಇದೆ ಅಂತ ಒಪ್ಪಿಕೊಂಡಿದ್ದ ರಾಸಾಯನಿಕ ಅಸ್ತ್ರಗಳ ದಾಸ್ತಾನೆಲ್ಲ ಖಾಲಿ ಆಯಿತು. ಭಾರತ ತನ್ನ ಪಾಲಿನದನ್ನು 2009ರಲ್ಲೇ ಮುಗಿಸಿತ್ತು, ನಮ್ಮವರಿಗೇ ಅದು ಗೊತ್ತಿರುವುದು ಕಡಿಮೆ.

ಪೇಪರಿನವರಿಗೆ ಕಥೆ ಅಲ್ಲಿಗೆ ಮುಗಿಯಿತು. ನಮಗಿನ್ನೂ ಕಟ್ಟಡ ತೊಳೆಯುವುದಿತ್ತು. ಮಸ್ಟರ್ಡ್ ಕಾಂಕ್ರೀಟಿನೊಳಗೂ ಇಳಿದು ಕೂರುತ್ತದೆ, ಹಾಗಾಗಿ ಅಂಥ ಕಡೆ ಮೇಲ್ಪದರವನ್ನೇ ಕೆರೆದು ತೆಗೆಯಬೇಕು. ಆಮೇಲೆ ಕೋಣೆಯ ಕಿಂಡಿ ಬಾಗಿಲೆಲ್ಲ ಮುಚ್ಚಿ, ಫ್ಯಾನ್ ನಿಲ್ಲಿಸಿ, ಬೆಚ್ಚಗೆ ಬಿಟ್ಟು, ಹೊತ್ತು ಕಳೆದ ಮೇಲೆ ಒಳಗಿನ ಗಾಳಿ ಎಳೆದು ಪರೀಕ್ಷೆ ಮಾಡುವುದು. ಒಂದು ಚೂರು ಸಿಕ್ಕರೂ ಮತ್ತೆ ಕೆರೆಯುವುದು.