ಟಿಡಿಎಸ್ ಮೀಟರ್ ಮತ್ತೆ ಸರಿಯಾದದ್ದು ಹೀಗೆ

ಸೀಗಡಿ ಸಾಕಿರುವ ತೊಟ್ಟಿಯ ನೀರು ಬದಲಿಸಿದಾಗಲೆಲ್ಲ ನನ್ನ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣ-ಖನಿಜಗಳ ಒಟ್ಟು ಪ್ರಮಾಣ ತೋರಿಸುವ ಉಪಕರಣ) ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತಿತ್ತು. ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆ ಬರುತ್ತಿದ್ದರಿಂದ ಮೀಟರ್ ಸರಿಯಿದೆ ಅಂದುಕೊಂಡಿದ್ದೆ. ಆದರೆ ಸೊನ್ನೆ ಬಂದ ಮಾತ್ರಕ್ಕೆ ಮೇಲಿನ ಅಂಕಿಗಳೂ ಸರಿ ಅಂತ ಹೇಳೋಕೆ ಆಗಲ್ಲ, ಅಲ್ವಾ?

342 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 342 ಭಾಗ) ಕ್ಯಾಲಿಬ್ರೇಷನ್ ದ್ರಾವಣ, ಅಂದರೆ ಮೀಟರ್ ಸರಿಹೊಂದಿಸಲೆಂದೇ ಇರುವ ನಿಗದಿತ ಅಂಕಿಯ ದ್ರಾವಣ, ತಂದು ಅದ್ದಿದರೆ 288 ತೋರಿಸಿತು! ತಕ್ಷಣ ಮೀಟರ್ ಹಿಂಬದಿಯಲ್ಲಿರುವ, ಅಂಕಿ ಸರಿಹೊಂದಿಸುವ ಸ್ಕ್ರೂ ತಿರುಗಿಸಲಿಲ್ಲ. ಮೊದಲು ಮೀಟರ್ ತುದಿಯ ಎರಡು ಲೋಹದ ಕಡ್ಡಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿದೆ, ಬರೀ ಇಷ್ಟಕ್ಕೇ ಅಂಕಿ 317ಕ್ಕೆ ಏರಿತು. ಅಂದರೆ ಅರ್ಧ ತಪ್ಪು ಕೊಳೆಯದ್ದೇ.

ದ್ರಾವಣವನ್ನು ಬೇರೆ ಲೋಟಕ್ಕೆ ಸ್ವಲ್ಪ ಸುರಿದುಕೊಳ್ಳಿ, ಬಾಟಲಿಗೇ ಮೀಟರ್ ಅದ್ದಬೇಡಿ, ಬಳಸಿದ್ದನ್ನು ವಾಪಸ್ ಹಾಕಲೂ ಬೇಡಿ. ದ್ರಾವಣ 25 ಡಿಗ್ರಿ ಹತ್ತಿರ ಇರಲಿ, ಯಾಕಂದ್ರೆ ಮೀಟರ್ ನಿಜಕ್ಕೂ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಒಂದು ಡಿಗ್ರಿ ಹೆಚ್ಚಾದರೆ ಅದು ಸುಮಾರು 2% ಏರುತ್ತದೆ, ಮೀಟರ್ ಅದನ್ನು ಪೂರ್ತಿ ಸರಿದೂಗಿಸುತ್ತೆ ಅಂತ ನಂಬಬೇಡಿ. ಅದ್ದಿದ ಮೇಲೆ ಮೆಲ್ಲಗೆ ತಟ್ಟಿ ಗಾಳಿಗುಳ್ಳೆ ಬಿಡಿಸಿ. ಅರ್ಧ ನಿಮಿಷ ಬಿಟ್ಟು ಹಿಂಬದಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ 342ಕ್ಕೆ ತಂದೆ. ಕೆಲವು ಮೀಟರ್‌ಗಳಲ್ಲಿ ಸ್ಕ್ರೂ ಬದಲು ಬಟನ್ ಇರುತ್ತದೆ.

ಒಂದು ಮಾತು: ಈ ಮೀಟರ್ ಅಮೋನಿಯಾ ಎಷ್ಟಿದೆ ಅಂತ ಹೇಳುವುದಿಲ್ಲ, ಅದಕ್ಕೆ ಬೇರೆ ಕಿಟ್ ಬೇಕೇ ಬೇಕು.